ಬಾರ್ ವ್ಯಾಯಾಮ: ಕಲಿಯುವವರೂ ಕಲಿಸುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ನಮ್ಮ ಸ್ಟುಡಿಯೋಗೆ ಫೋನ್ ಮಾಡುವವರು, ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತು ವಿಚಾರಿಸುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಮೊದಲ ಭಾಗ ಕಲಿಯಲು ಬರುವವರಿಗೆ, ಎರಡನೆಯದು ಕಲಿಸುವ ಆಸೆಯಿರುವವರಿಗೆ. ಕೆಲವು ಉತ್ತರಗಳು ಉದ್ದವಾಗಿವೆ. ಮಂಡಿ, ಬೆನ್ನಿನ ವಿಷಯವನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಲು ನಮಗೆ ಧೈರ್ಯವಿಲ್ಲ.

ಕಲಿಯಲು ಬರುವವರಿಗೆ

ಬಾರ್ ತರಗತಿಯಲ್ಲಿ ಏನು ಮಾಡಿಸುತ್ತೀರಿ?

ಬ್ಯಾಲೆ ನರ್ತಕರು ಅಭ್ಯಾಸದ ವೇಳೆ ಹಿಡಿದು ನಿಲ್ಲುವ ಮರದ ಕಂಬಿಯೇ ಬಾರ್. ಸೊಂಟಕ್ಕಿಂತ ತುಸು ಎತ್ತರದಲ್ಲಿ ಗೋಡೆಯುದ್ದಕ್ಕೂ ಇರುತ್ತದೆ. ಅದರ ಮೇಲೆ ಬೆರಳಿಟ್ಟು ನಿಂತು, ಮಂಡಿ ಮಡಿಸಿ, ಹಿಮ್ಮಡಿ ಎತ್ತಿ, ಆ ಭಂಗಿಯಲ್ಲೇ ಅಂಗುಲದಷ್ಟು ಮಾತ್ರ ಮೇಲಕ್ಕೂ ಕೆಳಕ್ಕೂ ಚಲಿಸುವುದು ಈ ವ್ಯಾಯಾಮದ ತಿರುಳು. 50 ನಿಮಿಷದ ತರಗತಿ ಮೈ ಬಿಸಿಯಾಗಿಸುವ ನಡಿಗೆಯಿಂದ ಶುರುವಾಗುತ್ತದೆ. ಅರ್ಧ ಕಿಲೋದಿಂದ ಒಂದೂವರೆ ಕಿಲೋವರೆಗಿನ ಡಂಬೆಲ್ ಹಿಡಿದು ತೋಳಿನ ಕೆಲಸ, ಬಳಿಕ ಕಂಬಿಯ ಹತ್ತಿರ ತೊಡೆ ಮತ್ತು ಪೃಷ್ಠದ ಕೆಲಸ, ಕೊನೆಗೆ ಮ್ಯಾಟ್ ಮೇಲೆ ಹೊಟ್ಟೆಯದು. ಯಾವ ಸ್ನಾಯು ದುಡಿಯಿತೋ ಅದನ್ನು ಆಗಲೇ ಹಿಗ್ಗಿಸಿ ಮುಂದಕ್ಕೆ ಹೋಗುತ್ತೇವೆ. ಜಿಗಿತವಿಲ್ಲ, ಓಟವಿಲ್ಲ. ಹಾಗಾಗಿ ಸುಲಭವಿರಬೇಕು ಎಂದುಕೊಂಡು ಬಂದವರು ಎರಡನೇ ಹಾಡು ಮುಗಿಯುವುದರೊಳಗೆ ಅಭಿಪ್ರಾಯ ಬದಲಿಸುತ್ತಾರೆ.

ಇದು ಎಲ್ಲಿಂದ ಬಂತು? ಈಚೆಗಿನ ಹೊಸ ಫ್ಯಾಷನ್ನೇ?

ಹೊಸದೇನಲ್ಲ. ಜರ್ಮನಿಯ ಕೊಲೋನ್‌ನಲ್ಲಿ 1913ರಲ್ಲಿ ಹುಟ್ಟಿದ ನರ್ತಕಿ ಲೊಟ್ಟೆ ಬರ್ಕ್, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಲಂಡನ್ ಸೇರಿದರು. ಬೆನ್ನಿಗೆ ಪೆಟ್ಟಾದ ಮೇಲೆ ಬ್ಯಾಲೆಯ ಕಂಬಿ ಅಭ್ಯಾಸವನ್ನೂ ಚಿಕಿತ್ಸೆಯ ವ್ಯಾಯಾಮವನ್ನೂ ಬೆಸೆದು ಒಂದು ಕ್ರಮ ರೂಪಿಸಿ, 1959ರಲ್ಲಿ ಅಲ್ಲಿನ ಮ್ಯಾಂಚೆಸ್ಟರ್ ಸ್ಟ್ರೀಟ್‌ನಲ್ಲಿ ಸ್ಟುಡಿಯೋ ತೆರೆದರು. ಅವರ ಶಿಷ್ಯೆ ಲಿಡಿಯಾ ಬಾಕ್ 1970ರ ದಶಕದ ಆರಂಭದಲ್ಲಿ ಅದನ್ನು ನ್ಯೂಯಾರ್ಕಿಗೆ ಒಯ್ದರು. ಇಂದು ಅಮೆರಿಕದಲ್ಲಿ ಹೆಸರು ಮಾಡಿರುವ ಬಾರ್ ಸಂಸ್ಥೆಗಳಲ್ಲಿ ಹಲವು ಆ ಬೇರಿನಿಂದ ಚಿಗುರಿದವು. ಬೆನ್ನುನೋವು ಅನುಭವಿಸಿದ ಹೆಂಗಸೊಬ್ಬರು ಕಟ್ಟಿದ ಕ್ರಮ ಇದು ಎಂಬುದನ್ನು ನಾವು ಮರೆಯುವುದಿಲ್ಲ.

ನೃತ್ಯ ಗೊತ್ತಿರಬೇಕೇ?

ಬೇಡ. ಕುಣಿತ ಇಲ್ಲ, ಪ್ರದರ್ಶನ ಇಲ್ಲ. ಎಂಟರವರೆಗೆ ಎಣಿಸಲು ಬಂದರೆ ಸಾಕು. ಅದನ್ನೂ ನಾವೇ ಎಣಿಸುತ್ತೇವೆ.

ಭರತನಾಟ್ಯ ಕಲಿತಿದ್ದೇನೆ. ನನಗೆ ಸುಲಭವಾಗುತ್ತದೆಯೇ?

ಅರ್ಧ ಸುಲಭ, ಅರ್ಧ ಕಷ್ಟ. ಅರೆಮಂಡಿಯಲ್ಲಿ ನಿಂತು ಅಭ್ಯಾಸವಿರುವವರಿಗೆ ಪ್ಲಿಯೆ ಎನ್ನುವ ಭಂಗಿ ಪರಿಚಿತವೆನಿಸುತ್ತದೆ. ಎರಡರಲ್ಲೂ ತೊಡೆ ಹೊರಕ್ಕೆ ತಿರುಗಿ, ಮಂಡಿ ಪಕ್ಕಕ್ಕೆ ಮಡಿಯುತ್ತದೆ. ತೊಡಕು ಬರುವುದು ಹಿಮ್ಮಡಿಯಲ್ಲಿ. ಅರೆಮಂಡಿಯಲ್ಲಿ ಪಾದ ನೆಲಕ್ಕೆ ಪೂರ್ತಿ ಊರಿರುತ್ತದೆ, ಅದರ ಮೇಲೆ ತಟ್ಟುವ ಅಡವು. ಇಲ್ಲಿ ಬಹಳಷ್ಟು ಹೊತ್ತು ತುದಿಗಾಲಲ್ಲಿ ನಿಲ್ಲಬೇಕು, ಪಾದ ಸದ್ದು ಮಾಡಬಾರದು. ವರ್ಷಗಟ್ಟಲೆ ತಟ್ಟಿದ ಕಾಲಿಗೆ ಸುಮ್ಮನೆ ನಿಲ್ಲುವುದೇ ಶಿಕ್ಷೆ. ಇನ್ನೊಂದು ಮಾತು: ನೃತ್ಯ ಕಲಿತವರು ಪಾದವನ್ನು ತುಂಬಾ ಅಗಲಕ್ಕೆ ತಿರುಗಿಸುತ್ತಾರೆ. ಇಲ್ಲಿ ಎರಡು ಹೆಬ್ಬೆರಳುಗಳ ನಡುವೆ ಒಂದು ಮುಷ್ಟಿಯಷ್ಟು ಜಾಗವಿದ್ದರೆ ಆಯಿತು. ಚೆನ್ನಾಗಿ ಕಾಣಬೇಕೆಂಬ ಹಟವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬನ್ನಿ.

ಅಂಗುಲದಷ್ಟು ಅಲುಗಾಡಿದರೆ ಏನಾದೀತು? ನಮ್ಮ ಅಜ್ಜ ಗರಡಿಯಲ್ಲಿ ನೂರು ಬಸ್ಕಿ ಹೊಡೆಯುತ್ತಿದ್ದರು.

ಅಜ್ಜನ ಬಸ್ಕಿಗೆ ನಮ್ಮ ಗೌರವವಿದೆ. ಆದರೆ ಬಸ್ಕಿಯಲ್ಲಿ ಎದ್ದು ನಿಂತಾಗಲೆಲ್ಲ ತೊಡೆಗೆ ಒಂದು ಕ್ಷಣದ ವಿಶ್ರಾಂತಿ ಸಿಗುತ್ತದೆ. ಬಾರ್‌ನಲ್ಲಿ ಅದು ಸಿಗುವುದಿಲ್ಲ. ಮಂಡಿ ಮಡಿಸಿ ಕೆಳಗಿಳಿದ ಮೇಲೆ ಒಂದೆರಡು ನಿಮಿಷ ಸ್ನಾಯು ಬಿಗಿಯಾಗಿಯೇ ಇರುತ್ತದೆ. ಸಣ್ಣ ಚಲನೆಯ ಕೆಲಸ ಅದನ್ನು ಬಿಡುವಿಲ್ಲದಂತೆ ಇಡುವುದು. ಭಾರ ಹೆಚ್ಚಿಸದೆಯೇ ಆಯಾಸ ಹೆಚ್ಚುವುದು ಇದರಿಂದ. ಇದರ ಮಿತಿಯೂ ಇಲ್ಲಿಯೇ ಇದೆ: ಸಹನಶಕ್ತಿ ಬೇಗ ಬೆಳೆಯುತ್ತದೆ, ಮೂಟೆ ಎತ್ತುವಂಥ ಬಲ ಅಷ್ಟು ಬೆಳೆಯುವುದಿಲ್ಲ. ಬಲವೇ ಬೇಕಿದ್ದರೆ ಜಿಮ್‌ನ ಭಾರ ಎತ್ತಿ, ಅಥವಾ ಅಜ್ಜನ ದಾರಿ ಹಿಡಿಯಿರಿ.

ಕಾಲು ಗಡಗಡ ನಡುಗುತ್ತದೆ. ಏನೋ ಆಗಿದೆಯೇ?

ಏನೂ ಆಗಿಲ್ಲ. ಸ್ನಾಯುವಿನ ಎಳೆಗಳು ಗುಂಪುಗುಂಪಾಗಿ, ಸರದಿಯಲ್ಲಿ ದುಡಿಯುತ್ತವೆ. ದಣಿದಾಗ ಆ ಸರದಿ ಹದ ತಪ್ಪುತ್ತದೆ. ಅದೇ ನಡುಕವಾಗಿ ಕಾಣುತ್ತದೆ. ನಡುಗಿದರೆ ಮುಂದುವರಿಸಿ, ಚುಚ್ಚಿದರೆ ನಿಲ್ಲಿಸಿ. ಕೀಲಿನಲ್ಲಿ ಚುಚ್ಚುವ ನೋವು, ಜೋಮು, ತಲೆಸುತ್ತು ಬಂದರೆ ಹೇಳದೆ ಕೇಳದೆ ನೆಲದ ಮೇಲೆ ಕುಳಿತುಬಿಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮರುದಿನದ ಮೈಕೈ ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ಜೋರಾಗಿರುತ್ತದೆ. ಅದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂದು ಈಗಲೂ ಹೇಳುವವರಿದ್ದಾರೆ. ಆ ಆಮ್ಲ ವ್ಯಾಯಾಮ ನಿಂತ ಸ್ವಲ್ಪ ಹೊತ್ತಿನಲ್ಲೇ ರಕ್ತದಿಂದ ಹೋಗಿರುತ್ತದೆ. ಅಭ್ಯಾಸವಿಲ್ಲದ ಕೆಲಸದಿಂದ ಸ್ನಾಯುವಿನ ಎಳೆಗಳಿಗೆ ಆದ ಸೂಕ್ಷ್ಮ ಪೆಟ್ಟಿನ ನೋವು ಅದು.

ಎಷ್ಟು ದಿನದಲ್ಲಿ ತೂಕ ಇಳಿಯುತ್ತದೆ? ಹೊಟ್ಟೆ ಮಾತ್ರ ಕರಗಿಸಬಹುದೇ?

ಹೆಚ್ಚು ಬಾರಿ ಕೇಳುವ ಪ್ರಶ್ನೆ ಇದು. ನಮ್ಮ ಉತ್ತರ ಯಾರಿಗೂ ಹಿಡಿಸುವುದಿಲ್ಲ. ಒಂದು ಜಾಗದ ಕೊಬ್ಬನ್ನು ಆ ಜಾಗದ ವ್ಯಾಯಾಮದಿಂದ ಕರಗಿಸಲು ಬರುವುದಿಲ್ಲ. ಬಾರ್‌ನಿಂದ ಖರ್ಚಾಗುವ ಶಕ್ತಿಯೂ ಓಟದಷ್ಟಿಲ್ಲ. ತೂಕದ ಲೆಕ್ಕ ಬಹುಪಾಲು ಊಟದ ತಟ್ಟೆಯಲ್ಲೇ ತೀರ್ಮಾನವಾಗುತ್ತದೆ. ಬಾರ್ ಮಾಡಿದರೆ ಸ್ನಾಯು ಉದ್ದವಾಗಿ ತೆಳ್ಳಗಾಗುತ್ತದೆ ಎಂಬ ಜಾಹೀರಾತುಗಳೂ ಇವೆ. ಸ್ನಾಯು ಮೂಳೆಗೆ ಎಲ್ಲಿಂದೆಲ್ಲಿಗೆ ಅಂಟಿಕೊಂಡಿದೆಯೋ ಅದರಿಂದ ಅದರ ಉದ್ದ ನಿರ್ಧಾರವಾಗುತ್ತದೆ, ಯಾವ ತರಗತಿಯೂ ಆ ಜಾಗ ಬದಲಿಸಲಾರದು. ಹಾಗಾದರೆ ಸಿಗುವುದೇನು? ನೆಟ್ಟಗೆ ನಿಲ್ಲುವುದು, ಸಮತೋಲ, ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾಗುವುದು, ಮೈಯ ಯಾವ ಭಾಗ ಎಲ್ಲಿದೆ ಎಂಬ ಅರಿವು. ಇಷ್ಟಕ್ಕೆ ಬರುವುದಾದರೆ ಬನ್ನಿ. ತಕ್ಕಡಿ ನಮ್ಮಲ್ಲಿ ಇಲ್ಲ, ಇಡುವುದೂ ಇಲ್ಲ.

ವಾರಕ್ಕೆ ಎಷ್ಟು ಬಾರಿ ಬರಬೇಕು? ಇದೊಂದೇ ಸಾಕೇ?

ಎರಡು ಅಥವಾ ಮೂರು ಬಾರಿ. ಇದೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆನ್ನುತ್ತದೆ. ಬಾರ್ ಎರಡನೆಯದಕ್ಕೆ ಒದಗುತ್ತದೆ. ಮೊದಲನೆಯದಕ್ಕೆ ನೆಹರೂ ಕ್ರೀಡಾಂಗಣದಲ್ಲಿ ಬೆಳಗಿನ ಬಿರುನಡಿಗೆ ಇದೆ, ಅದಕ್ಕೆ ನಮಗೆ ಹಣ ಕೊಡಬೇಕಾಗಿಲ್ಲ.

ಮಂಡಿನೋವಿದೆ. ಬರಬಹುದೇ?

ಬಹುಪಾಲು ಮಂದಿ ಬರಬಹುದು, ಆದರೆ ಮೊದಲೇ ಹೇಳಿ. ಈ ವ್ಯಾಯಾಮದಲ್ಲಿ ಮಂಡಿಗೆ ಹಾನಿಯಾಗುವ ದಾರಿ ಮುಖ್ಯವಾಗಿ ಒಂದೇ: ತೊಡೆ ಸೊಂಟದ ಕೀಲಿನಿಂದ ಹೊರಕ್ಕೆ ತಿರುಗದೆ, ಪಾದವನ್ನು ಮಾತ್ರ ಬಲವಂತವಾಗಿ ತಿರುಗಿಸುವುದು. ಮೇಲಿನ ಮೂಳೆ ಮುಂದಕ್ಕೆ ನೋಡುತ್ತದೆ, ಕೆಳಗಿನದು ಪಕ್ಕಕ್ಕೆ, ನಡುವಿನ ಮಂಡಿ ತಿರುಚಿಕೊಳ್ಳುತ್ತದೆ. ಪರೀಕ್ಷೆ ಸುಲಭ. ಮಂಡಿ ಮಡಿಸಿ ಕೆಳಗೆ ನೋಡಿ. ಮಂಡಿಚಿಪ್ಪು ಕಾಲಿನ ಎರಡನೇ ಬೆರಳಿನ ನೇರಕ್ಕಿದ್ದರೆ ಸರಿ. ಹೆಬ್ಬೆರಳನ್ನು ದಾಟಿ ಒಳಕ್ಕೆ ಬಿದ್ದಿದ್ದರೆ ಪಾದಗಳ ತುದಿಗಳನ್ನು ಹತ್ತಿರಕ್ಕೆ ತನ್ನಿ. ಸವೆದ ಮಂಡಿಯವರಿಗೆ ಆಳಕ್ಕೆ ಇಳಿಯಲು ಹೇಳುವುದಿಲ್ಲ, ಹಿಮ್ಮಡಿ ನೆಲದಲ್ಲೇ ಇರಲಿ ಎನ್ನುತ್ತೇವೆ. ಹಿಮ್ಮಡಿ ನೋವಿನಿಂದ ಬೆಳಿಗ್ಗೆ ಮೊದಲ ಹೆಜ್ಜೆ ಇಡಲಾಗದವರಿಗೂ ತುದಿಗಾಲು ಬೇಡ.

ಒಬ್ಬೊಬ್ಬರ ಮಂಡಿಯನ್ನೂ ನೋಡಬೇಕಾದ್ದರಿಂದಲೇ ನಮ್ಮ ತರಗತಿಯಲ್ಲಿ ಹತ್ತಕ್ಕಿಂತ ಹೆಚ್ಚು ಜನರನ್ನು ಸೇರಿಸಿಕೊಳ್ಳುವುದಿಲ್ಲ.

ಅಡಿಕೆ ಸುಲಿದು ಬೆನ್ನು ಹಿಡಿದುಕೊಂಡಿದೆ. ಇದರಿಂದ ಸರಿಹೋಗುತ್ತದೆಯೇ?

ಕೊಯ್ಲಿನ ತಿಂಗಳುಗಳಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬರುವವರೆಲ್ಲ ಕೇಳುವುದು ಇದನ್ನೇ. ಮೆಟ್ಟುಗತ್ತಿಯ ಮುಂದೆ ಕೂತ ಮೈಯನ್ನು ಒಮ್ಮೆ ಗಮನಿಸಿ. ತೊಡೆ ಹೊಟ್ಟೆಯ ಕಡೆಗೆ ಮಡಿದಿರುತ್ತದೆ, ಎರಡೂ ಕೈ ಕತ್ತಿಯ ಬಾಯಿಗೆ ಚಾಚಿರುತ್ತವೆ, ಭುಜ ಮುಂದಕ್ಕೆ ಬಾಗಿ, ಕತ್ತು ಕೆಳಗೆ. ಕೈಬೆರಳಿಗೆ ಪೆಟ್ಟಾಗದಿರಲೆಂದು ಕಣ್ಣು ಅಲ್ಲಿಂದ ಕದಲುವುದಿಲ್ಲ. ರಾತ್ರಿ ಹತ್ತಾದರೂ ಬುಟ್ಟಿ ಬರಿದಾಗುವುದಿಲ್ಲ. ಎದ್ದಾಗ ಸೊಂಟದ ಮುಂಭಾಗದ ಸ್ನಾಯು ಬಿಗಿದು ಹೋಗಿರುತ್ತದೆ, ಅದು ಬೆನ್ನಿನ ಕೆಳಭಾಗವನ್ನು ಮುಂದಕ್ಕೆ ಎಳೆಯುತ್ತದೆ. ಪೃಷ್ಠದ ಸ್ನಾಯು ದಿನವಿಡೀ ಕೆಲಸವಿಲ್ಲದೆ ಮಲಗಿರುತ್ತದೆ.

ಇಂಥವರಿಗೆ ನಾವು ಮೊದಲು ಕಲಿಸುವುದು ಕಂಬಿ ಹಿಡಿದು ಒಂದು ಕಾಲನ್ನು ಹಿಂದಕ್ಕಿಟ್ಟು, ಹಿಂದಿನ ಮಂಡಿ ತುಸು ಮಡಿಸಿ, ಸೊಂಟದ ಮುಂಭಾಗ ಹಿಗ್ಗಿಸುವುದು. ಎರಡನೆಯದು ಅದೇ ಕಾಲನ್ನು ಹಿಂದಕ್ಕೆ ನಾಲ್ಕು ಬೆರಳಿನಷ್ಟು ಎತ್ತಿ ಹಿಡಿಯುವುದು. ಬೆನ್ನು ಬಾಗಿಸಿ ಎತ್ತರಕ್ಕೆ ಎತ್ತಿದರೆ ನೋವು ಹೆಚ್ಚೇ ಆಗುತ್ತದೆ. ಹೊಸನಗರದ ಕಡೆಯ ಒಬ್ಬ ಅಕ್ಕ ಈಗ ಸುಲಿಯುವ ಮಧ್ಯೆ ಎದ್ದು ಜಗುಲಿಯ ಮರದ ಕಂಬ ಹಿಡಿದು ಇದನ್ನೇ ಮಾಡುತ್ತಾರಂತೆ. ಜೊತೆಗಿರುವವರು ಮೊದಲು ನಕ್ಕು, ಆಮೇಲೆ ಸಾಲಾಗಿ ನಿಂತರಂತೆ. ಆದರೆ ನೋವು ಕಾಲಿಗೆ ಹರಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ ಮೊದಲು ಮೂಳೆ ವೈದ್ಯರನ್ನು ಕಾಣಿ. ನಾವು ವ್ಯಾಯಾಮ ಕಲಿಸುವವರು, ಚಿಕಿತ್ಸೆ ಕೊಡುವವರಲ್ಲ.

ಬಿಪಿ, ಶುಗರ್ ಇದೆ.

ವೈದ್ಯರನ್ನು ಕೇಳಿ ಬನ್ನಿ, ಬಂದ ಮೇಲೆ ನಮಗೂ ಹೇಳಿ. ಅಲುಗಾಡದೆ ಬಿಗಿಹಿಡಿದು ನಿಲ್ಲುವಾಗ ರಕ್ತದೊತ್ತಡ ಏರುತ್ತದೆ, ಉಸಿರು ಕಟ್ಟಿದರೆ ಇನ್ನಷ್ಟು ಏರುತ್ತದೆ. ಆದ್ದರಿಂದ ಬಿಪಿ ಇರುವವರಿಗೆ ಹಿಡಿದು ನಿಲ್ಲುವುದನ್ನು ಕಡಿಮೆ ಮಾಡಿ ಚಲನೆಯನ್ನು ದೊಡ್ಡದು ಮಾಡಿಸುತ್ತೇವೆ. ಇನ್ಸುಲಿನ್ ತೆಗೆದುಕೊಳ್ಳುವವರು ಚೀಲದಲ್ಲಿ ಸಕ್ಕರೆ ಅಥವಾ ಬೆಲ್ಲ ಇಟ್ಟುಕೊಂಡಿರಿ. ಶುಗರ್‌ನಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಬರಿಗಾಲು ಬೇಡ. ಮೂಳೆ ಸವೆತವಿರುವ ಹಿರಿಯ ಅಮ್ಮಂದಿರಿಗೆ ಮಲಗಿ ತಲೆ ಎತ್ತಿ ಹೊಟ್ಟೆ ಮಡಿಸುವ ವ್ಯಾಯಾಮ ಕೊಡುವುದಿಲ್ಲ. ಬೆನ್ನು ಮುಂದಕ್ಕೆ ಬಾಗಿದಷ್ಟೂ ಬೆನ್ನುಮೂಳೆಯ ಮೇಲೆ ಒತ್ತಡ ಬೀಳುತ್ತದೆ.

ಗರ್ಭಿಣಿಯರು, ಬಾಣಂತಿಯರು?

ವೈದ್ಯರು ಒಪ್ಪಿದ್ದರೆ ಗರ್ಭಿಣಿಯರು ಬರಬಹುದು. ಮೂರು ತಿಂಗಳು ಕಳೆದ ಮೇಲೆ ಅಂಗಾತ ಮಲಗಿ ಬಹಳ ಹೊತ್ತು ಮಾಡುವ ವ್ಯಾಯಾಮ ಬಿಡಿಸುತ್ತೇವೆ. ಹಿಗ್ಗಿಸುವುದರಲ್ಲೂ ಮಿತಿ ಬೇಕು, ಆ ದಿನಗಳಲ್ಲಿ ಕೀಲುಗಳ ಕಟ್ಟು ಸಡಿಲವಾಗಿರುತ್ತದೆ. ಹೆರಿಗೆಯಾದ ಮೇಲೆ ಅವಸರ ಬೇಡ. ಸಿಸೇರಿಯನ್ ಆಗಿದ್ದರೆ ವೈದ್ಯರ ಮರುತಪಾಸಣೆ ಮುಗಿಯುವವರೆಗೆ ನಾವು ಸೇರಿಸಿಕೊಳ್ಳುವುದೇ ಇಲ್ಲ. ಹೊಟ್ಟೆಯ ಮಧ್ಯದ ಸ್ನಾಯುಗಳು ಬಿರಿದು ದೂರವಾಗಿರುವುದು ಬಾಣಂತಿಯರಲ್ಲಿ ಸಾಮಾನ್ಯ. ಅಂಥವರು ಮೊದಲ ದಿನವೇ ಪ್ಲಾಂಕ್ (ಕೈ ಮತ್ತು ಕಾಲ್ಬೆರಳು ಊರಿ ಮೈಯನ್ನು ಹಲಗೆಯಂತೆ ನೇರ ಹಿಡಿಯುವುದು) ಮಾಡಿದರೆ ಹೊಟ್ಟೆಯ ನಡುವೆ ದಿಬ್ಬದಂತೆ ಉಬ್ಬುತ್ತದೆ. ಹೊಟ್ಟೆ ಬೇಗ ಇಳಿಯಲಿ ಎಂದು ಅತ್ತೆಯೋ ನಾದಿನಿಯೋ ಕಳಿಸಿದ್ದರೆ, ಅವರನ್ನೂ ಒಮ್ಮೆ ಕರೆದುಕೊಂಡು ಬನ್ನಿ, ನಾವೇ ಮಾತನಾಡುತ್ತೇವೆ.

ಮುಟ್ಟಿನ ದಿನಗಳಲ್ಲಿ?

ನಿಮ್ಮ ಇಷ್ಟ. ಬರಬಾರದೆಂದು ಆರೋಗ್ಯದ ಕಾರಣವೇನೂ ಇಲ್ಲ, ಬರಲೇಬೇಕೆಂದು ನಾವೂ ಹೇಳುವುದಿಲ್ಲ.

ಏನು ತೊಟ್ಟು ಬರಬೇಕು? ಕಾಲುಂಗುರ ತೆಗೆಯಬೇಕೇ?

ಮಂಡಿ ಮತ್ತು ಸೊಂಟ ನಮಗೆ ಕಾಣಬೇಕು, ಇಷ್ಟೇ ನಿಯಮ. ಲೆಗ್ಗಿಂಗ್ಸ್ ಆಗಬಹುದು, ಬಿಗಿಯಾದ ಚೂಡಿದಾರದ ಪ್ಯಾಂಟ್ ಮೇಲೆ ಗಿಡ್ಡ ಟಾಪ್ ಆಗಬಹುದು. ಅಗಲದ ಪಲಾಜೊ ಬೇಡ, ಅದರೊಳಗೆ ಮಂಡಿ ಎತ್ತ ನೋಡುತ್ತಿದೆ ಎಂದು ತಿಳಿಯುವುದಿಲ್ಲ. ಅಡಿಯಲ್ಲಿ ರಬ್ಬರ್ ಚುಕ್ಕೆಗಳಿರುವ ಕಾಲುಚೀಲ ಬೇಕು.

ಕಾಲುಂಗುರ ತೆಗೆಯಬೇಕಾಗಿಲ್ಲ. ತುದಿಗಾಲಲ್ಲಿ ನಿಂತಾಗ ಮೈಭಾರವೆಲ್ಲ ಬೆರಳುಗಳ ಬುಡಕ್ಕೆ ಬರುತ್ತದೆ. ಎರಡನೇ ಬೆರಳಿನ ಉಂಗುರ ಪಕ್ಕದ ಬೆರಳಿಗೆ ಒತ್ತಿ ಗುರುತು ಮೂಡಿಸುತ್ತದೆ. ಸುತ್ತುಸುತ್ತಿನ ದಪ್ಪ ಉಂಗುರವಾದರೆ ಮೇಲೊಂದು ಬಟ್ಟೆಯ ಟೇಪ್ ಸುತ್ತಿಕೊಳ್ಳಿ, ಬಾಗಿಲ ಬಳಿಯ ಡಬ್ಬಿಯಲ್ಲಿ ಇಟ್ಟಿರುತ್ತೇವೆ. ಕರಿಮಣಿ ಸರವನ್ನು ಬಟ್ಟೆಯೊಳಗೆ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಮ್ಯಾಟ್ ಮೇಲೆ ಅಂಬೆಗಾಲಿನಲ್ಲಿರುವಾಗ ತೂಗಾಡಿ ಹಲ್ಲಿಗೆ ತಾಗುತ್ತದೆ. ಗಾಜಿನ ಬಳೆ ಮಾತ್ರ ಖಂಡಿತ ಬೇಡ. ಕಂಬಿಗೆ ಬಡಿದು ಒಡೆದರೆ ಚೂರು ನೆಲದಲ್ಲಿ ಹರಡುತ್ತದೆ.

ತಿಂದು ಬರಬೇಕೇ, ಖಾಲಿ ಹೊಟ್ಟೆಯಲ್ಲೇ?

ಬೆಳಗಿನ ತರಗತಿಗೆ ಒಂದು ಬಾಳೆಹಣ್ಣು ತಿಂದು ಬಂದರೆ ಸಾಕು. ಕಡುಬು, ಅಕ್ಕಿರೊಟ್ಟಿ ತರಗತಿ ಮುಗಿದ ಮೇಲೆ. ಜೊತೆಗೆ ಮೊಳಕೆ ಬಂದ ಹೆಸರುಕಾಳೋ ಮೊಟ್ಟೆಯೋ ಇರಲಿ. ನಮ್ಮ ಕಡೆಯ ತಿಂಡಿಯಲ್ಲಿ ಅಕ್ಕಿಗೆ ಬರವಿಲ್ಲ, ಪ್ರೋಟೀನ್ ಕಡಿಮೆ.

ಮಳೆಗಾಲದಲ್ಲಿ ತರಗತಿ ನಡೆಯುತ್ತದೆಯೇ?

ನಡೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಸುರಿಯುವಾಗ ಶಿವಮೊಗ್ಗ ನಗರದ ಮಳೆಗೆ ಹೆದರಿದೆವೆಂದು ಹೇಳಲು ನಾಚಿಕೆಯಾಗುತ್ತದೆ. ಆದರೆ ಘಟ್ಟದ ಕಡೆಯಿಂದ ಬಸ್ಸಿನಲ್ಲಿ ಬರುವವರು ಜೋರು ಮಳೆಯ ದಿನ ಬಾರದಿದ್ದರೆ ಆ ತರಗತಿಯನ್ನು ಮುಂದಿನ ವಾರಕ್ಕೆ ಸೇರಿಸಿಕೊಡುತ್ತೇವೆ. ಒಣಗಿದ ಕಾಲುಚೀಲ ಇನ್ನೊಂದು ಜೊತೆ ತನ್ನಿ. ಮೈ ತಣ್ಣಗಿರುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈ ಬಿಸಿಯಾಗಿಸುವ ಭಾಗ ಐದು ನಿಮಿಷ ಹೆಚ್ಚು. ಕರೆಂಟ್ ಹೋದರೆ ಇನ್ವರ್ಟರ್‌ನಲ್ಲಿ ಒಂದು ದೀಪ, ಒಂದು ಫ್ಯಾನ್ ಓಡುತ್ತದೆ. ಹಾಡಿಲ್ಲದಿದ್ದರೆ ಚಪ್ಪಾಳೆಯಲ್ಲಿ ತಾಳ ಹಾಕುತ್ತೇವೆ. ಆ ತರಗತಿಗಳೇ ಚೆನ್ನಾಗಿರುತ್ತವೆ ಎಂಬುದು ನನ್ನ ಅಭಿಪ್ರಾಯ, ಎಲ್ಲರೂ ಒಪ್ಪುವುದಿಲ್ಲ.

ಗಂಡಸರು ಬರಬಹುದೇ?

ಬರಬಹುದು. ಸಂಜೆಯ ತರಗತಿ ಎಲ್ಲರಿಗೂ, ಬೆಳಗಿನದು ಹೆಂಗಸರಿಗೆ ಮಾತ್ರ.

ಮನೆಯಲ್ಲೇ ವಿಡಿಯೋ ನೋಡಿ ಮಾಡಿದರೆ?

ಒಂದೆರಡು ತಿಂಗಳು ಕಲಿತ ಮೇಲೆ ಧಾರಾಳವಾಗಿ ಮಾಡಿ. ಆಧಾರಕ್ಕೆ ಅಡುಗೆಕಟ್ಟೆ ಒಳ್ಳೆಯದು, ಒಲೆ ಆರಿಸಿರಬೇಕು. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಹಳೆಯ ಮನೆಯ ಕೆಂಪು ಸಿಮೆಂಟಿನ ನೆಲದಲ್ಲಿ ಸಾದಾ ಕಾಲುಚೀಲ ಹಾಕಿಕೊಂಡು ಮಾಡಬೇಡಿ. ವಿಡಿಯೋದಲ್ಲಿರುವವರು ನಿಮ್ಮ ಮಂಡಿಯನ್ನು ನೋಡುವುದಿಲ್ಲ ಎಂಬುದಷ್ಟೇ ನಮ್ಮ ತಕರಾರು.

ಜಿಮ್‌ಗಿಂತ ನಿಮ್ಮ ಶುಲ್ಕ ಜಾಸ್ತಿ. ಏಕೆ?

ಹತ್ತು ಮಂದಿಗೆ ಒಬ್ಬ ಶಿಕ್ಷಕಿ. ಜಿಮ್‌ನಲ್ಲಿ ಯಂತ್ರಕ್ಕೆ ಹಣ ಕೊಡುತ್ತೀರಿ, ಇಲ್ಲಿ ನೋಡುವ ಕಣ್ಣಿಗೆ ಕೊಡುತ್ತೀರಿ. ಮೂರು ತಿಂಗಳ ಹಣ ಒಟ್ಟಿಗೆ ಕಟ್ಟಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಇಲ್ಲ, ತಿಂಗಳಿಂದ ತಿಂಗಳಿಗೆ ಕೊಡಿ. ಮೊದಲ ತರಗತಿ ಉಚಿತ.

ಕಲಿಸಲು ಬಯಸುವವರಿಗೆ

ಬಾರ್ ಶಿಕ್ಷಕಿಯಾಗಲು ಯಾವ ಪ್ರಮಾಣಪತ್ರ ಬೇಕು?

ವೈದ್ಯರಿಗೆ, ವಕೀಲರಿಗೆ ಇರುವಂಥ ಸರ್ಕಾರಿ ಪರವಾನಗಿ ನಮ್ಮ ದೇಶದಲ್ಲಿ ಫಿಟ್‌ನೆಸ್ ತರಬೇತುದಾರರಿಗೆ ಇಲ್ಲ. ಬಾರ್ ಪ್ರಮಾಣಪತ್ರ ಕೊಡುವುದೆಲ್ಲ ಖಾಸಗಿ ಸಂಸ್ಥೆಗಳು. ಕೆಲವು ವಾರಾಂತ್ಯದಲ್ಲಿ ಮುಗಿಸುತ್ತವೆ, ಕೆಲವು ತಿಂಗಳುಗಟ್ಟಲೆ ಕಲಿಸುತ್ತವೆ. ಕಾಗದಕ್ಕಿಂತ ನಾವು ಕೇಳುವುದು ಎರಡು. ಒಂದು, ಅಂಗರಚನೆಯ ಸಾಮಾನ್ಯ ಜ್ಞಾನ: ತೊಡೆಯನ್ನು ಹೊರಕ್ಕೆ ತಿರುಗಿಸುವ ಸ್ನಾಯು ಎಲ್ಲಿದೆ ಎಂದರೆ ತೋರಿಸಲು ಬರಬೇಕು. ಇನ್ನೊಂದು, ಎದೆ ಒತ್ತಿ ಉಸಿರು ಕೊಡುವ ಸಿಪಿಆರ್ ತರಬೇತಿ. ಇದು ಇಲ್ಲದವರಿಗೆ ನಾವು ಒಂದು ತರಗತಿಯನ್ನೂ ಒಪ್ಪಿಸುವುದಿಲ್ಲ.

ಹೊಸಬರನ್ನು ಹೇಗೆ ತಯಾರು ಮಾಡುತ್ತೀರಿ?

ಮೊದಲು ಕೂರಿಸುತ್ತೇವೆ. ಮೂಲೆಯ ಸ್ಟೂಲಿನ ಮೇಲೆ ಕುಳಿತು, ಬಾಯಿ ತೆರೆಯದೆ, ಒಬ್ಬರ ಪಾದವನ್ನು ಮಾತ್ರ 50 ನಿಮಿಷ ನೋಡಬೇಕು. ಮರುದಿನ ಇನ್ನೊಬ್ಬರ ಭುಜ. ಹೊಸ ಶಿಕ್ಷಕಿಯರಿಗೆ ಇದು ಸೇರುವುದಿಲ್ಲ, ಎಲ್ಲರಿಗೂ ಮುಂದೆ ನಿಂತು ಎಣಿಸುವ ಉತ್ಸಾಹ. ಆದರೆ ನೋಡುತ್ತಾ ಹೋದರೆ ಕಾಣತೊಡಗುತ್ತದೆ: ಎಡಗಾಲಿನ ಹಿಮ್ಮಡಿ ಹೊರಕ್ಕೆ ವಾಲುತ್ತದೆ, ಮೂರನೇ ಸಲ ಎಂಟು ಎಣಿಸುವ ಹೊತ್ತಿಗೆ ಕಂಬಿ ಹಿಡಿದ ಬೆರಳುಗಳ ಗೆಣ್ಣು ಬೆಳ್ಳಗಾಗುತ್ತದೆ, ಅಂದರೆ ಕಾಲಿನ ಕೆಲಸವನ್ನು ಕೈ ಮಾಡುತ್ತಿದೆ. ಆಗ ಹೇಳಬೇಕಾದ ಮಾತು ಒಂದೇ, ‘ಕ್ಷಣಕಾಲ ಬೆರಳು ಎತ್ತಿ’. ಮುಂದೆ ನಿಂತು ಕುಣಿಯುತ್ತಿದ್ದರೆ ಗೆಣ್ಣು ಕಾಣುವುದಿಲ್ಲ.

ಭರತನಾಟ್ಯದ ಅಥವಾ ಯೋಗದ ಶಿಕ್ಷಕಿಯರು ಕಲಿಸಬಹುದೇ?

ಬಹಳ ಚೆನ್ನಾಗಿ ಕಲಿಸುತ್ತಾರೆ. ನೃತ್ಯದವರಿಗೆ ತಾಳ, ಯೋಗದವರಿಗೆ ಉಸಿರು ಮೊದಲೇ ಕೈಗೂಡಿರುತ್ತದೆ. ನೃತ್ಯದವರಿಗೆ ನಾವು ಹೇಳುವ ಎಚ್ಚರಿಕೆ: ಇಲ್ಲಿ ಬರುವವರು ಶಿಷ್ಯರಲ್ಲ, ದಿನದ ಕೆಲಸ ಮುಗಿಸಿ ಬಂದವರು. ಕೋಲು ತಟ್ಟುವ ಗತ್ತು ನಡೆಯುವುದಿಲ್ಲ.

ಸೂಚನೆಗಳನ್ನು ಕನ್ನಡದಲ್ಲೇ ಕೊಡಬೇಕೇ?

ಹೌದು. ಪ್ಲಿಯೆ, ಪಲ್ಸ್ (ಅಂಗುಲದಷ್ಟು ಮಾಡುವ ಆ ಸಣ್ಣ ಚಲನೆ), ಪ್ಲಾಂಕ್‌ನಂಥ ಹೆಸರುಗಳು ಹಾಗೆಯೇ ಇರಲಿ, ಅವನ್ನು ಎಲ್ಲರೂ ವಾರದಲ್ಲಿ ಕಲಿಯುತ್ತಾರೆ. ಮೈಯನ್ನು ತಿದ್ದುವ ಮಾತು ಮಾತ್ರ ಮನೆಯ ಮಾತಾಗಿರಬೇಕು. ಮೊದಲು ಪಾದ ಎಲ್ಲಿ, ಆಮೇಲೆ ಏನು ಮಾಡಬೇಕು, ಕೊನೆಗೆ ಎಲ್ಲಿ ದಣಿವು ಕಾಣಬೇಕು, ಈ ಕ್ರಮದಲ್ಲಿ ಹೇಳಿ. ‘ಹೊಟ್ಟೆ ಒಳಗೆಳೆಯಿರಿ’ ಎಂದರೆ ಹತ್ತರಲ್ಲಿ ಎಂಟು ಮಂದಿ ಉಸಿರು ಕಟ್ಟುತ್ತಾರೆ. ‘ಉಸಿರು ಬಿಡುತ್ತಾ ಪಕ್ಕೆಲುಬು ಇಳಿಸಿ’ ಎಂದರೆ ಅದೇ ಕೆಲಸ ಆಗುತ್ತದೆ, ಉಸಿರೂ ಆಡುತ್ತದೆ. ಹಳೆಯ ಕ್ರಮದಲ್ಲಿ ಸೊಂಟವನ್ನು ಒಳಕ್ಕೆ ಮಡಿಸಿ ಬಿಗಿಹಿಡಿಯಲು ಒತ್ತಾಯಿಸುತ್ತಿದ್ದರು. ಈಗ ಹಲವು ಶಿಕ್ಷಕರು ಅದನ್ನು ಬಿಟ್ಟು ಬೆನ್ನಿನ ಸಹಜ ಬಾಗು ಉಳಿಸುತ್ತಾರೆ, ನಾವೂ ಹಾಗೆಯೇ. ‘ಬಾಲದ ಮೂಳೆ ನೆಲ ನೋಡಲಿ’ ಎಂದರೆ ಸಾಕು. ಕಲಿಯುವವರ ಕಡೆಗೆ ಮುಖ ಮಾಡಿ ನಿಂತಿದ್ದರೆ ಅವರ ಬಲಗಾಲಿಗೆ ನೀವು ಎಡಗಾಲು ಎತ್ತಬೇಕು. ಇದು ಅಭ್ಯಾಸದಿಂದ ಮಾತ್ರ ಬರುತ್ತದೆ.

ಕೈಹಿಡಿದು, ಮುಟ್ಟಿ ತಿದ್ದಬಹುದೇ?

ಕೇಳದೆ ಮುಟ್ಟಬಾರದು. ನಮ್ಮೂರಿನ ಹೆಂಗಸರಲ್ಲಿ ಅನೇಕರು ಬೇಡವೆಂದು ಬಾಯಿಬಿಟ್ಟು ಹೇಳಲು ಸಂಕೋಚಪಡುತ್ತಾರೆ, ಮೌನವನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಪ್ರತಿಯೊಬ್ಬರ ಜಾಗದಲ್ಲೂ ಒಂದು ರಟ್ಟಿನ ಚೀಟಿ ಇರುತ್ತದೆ. ಹಸಿರು ಮುಖ ಮೇಲಿದ್ದರೆ ತಿದ್ದಬಹುದು, ಬಿಳಿ ಮುಖವಿದ್ದರೆ ಮಾತಿನಲ್ಲೇ ಹೇಳಬೇಕು. ಚೀಟಿಯನ್ನು ಮಧ್ಯದಲ್ಲಿ ಮಗುಚಬಹುದು, ಕಾರಣ ಕೇಳುವಂತಿಲ್ಲ. ಮುಟ್ಟುವುದಾದರೂ ಭುಜ, ಮೊಣಕೈ, ಹಿಮ್ಮಡಿ, ಅಷ್ಟಕ್ಕೇ.

ದಿನಕ್ಕೆ ಎಷ್ಟು ತರಗತಿ ಕಲಿಸಬಹುದು? ಇದರಲ್ಲಿ ಬದುಕು ನಡೆಯುತ್ತದೆಯೇ?

ಮೂರಕ್ಕಿಂತ ಹೆಚ್ಚು ಬೇಡ. ಎಲ್ಲವನ್ನೂ ಜೊತೆಯಲ್ಲಿ ಮಾಡಿ ತೋರಿಸುವ ಶಿಕ್ಷಕಿಯ ಮಂಡಿ, ಗಂಟಲು ಎರಡೂ ಬೇಗ ಸವೆಯುತ್ತವೆ. ಮೊದಲ ಎಂಟು ಎಣಿಕೆ ತೋರಿಸಿ, ಉಳಿದದ್ದಕ್ಕೆ ನಡೆದಾಡಿ. ಬದುಕಿನ ವಿಷಯ ಹೇಳುವುದಾದರೆ, ಬೆಂಗಳೂರಿನಲ್ಲಿ ಇದೊಂದನ್ನೇ ನೆಚ್ಚಿಕೊಳ್ಳಬಹುದೇನೋ, ಶಿವಮೊಗ್ಗದಲ್ಲಿ ಸದ್ಯಕ್ಕೆ ಕಷ್ಟ. ನಮ್ಮ ಶಿಕ್ಷಕಿಯರೆಲ್ಲ ಬೇರೊಂದು ಕೆಲಸ ಇಟ್ಟುಕೊಂಡಿದ್ದಾರೆ. ಕಲಿತು ಹೋಗುವವರಿಗೆ ಸುಳ್ಳು ಆಸೆ ಹುಟ್ಟಿಸಿ ತರಬೇತಿ ಶುಲ್ಕ ವಸೂಲು ಮಾಡುವುದು ನಮಗೆ ಒಗ್ಗುವುದಿಲ್ಲ.

ಹಾಡುಗಳ ಆಯ್ಕೆ ಹೇಗೆ?

ನಿಮಿಷಕ್ಕೆ 120ರಿಂದ 130 ಬಡಿತದ ಹಾಡು ಕಂಬಿಯ ಕೆಲಸಕ್ಕೆ ಹೊಂದುತ್ತದೆ. ಎಂಟರ ನಾಲ್ಕು ಆವರ್ತ, ಅಂದರೆ 32 ಎಣಿಕೆಗೆ ಒಂದು ಬದಲಾವಣೆ. ಆರು ಮಾತ್ರೆಯ ನಡೆಯ ಜಾನಪದ ಗೀತೆಗಳು ಎಷ್ಟು ಚಂದವಿದ್ದರೂ ಎಂಟರ ಎಣಿಕೆಗೆ ಕೂರುವುದಿಲ್ಲ, ಅವನ್ನು ಕೊನೆಯ ಹಿಗ್ಗಿಸುವಿಕೆಗೆ ಇಟ್ಟುಕೊಳ್ಳಿ. ಮೊಬೈಲ್ ಆ್ಯಪ್‌ನ ಚಂದಾ ನಿಮ್ಮ ಸ್ವಂತ ಬಳಕೆಗೆ ಮಾತ್ರ. ಹಣ ಪಡೆದು ನಡೆಸುವ ತರಗತಿಯಲ್ಲಿ ಧ್ವನಿಮುದ್ರಿತ ಹಾಡು ಹಾಕಲು 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಹಕ್ಕುದಾರರ ಪರವಾನಗಿ ಬೇಕು. ಐಪಿಆರ್‌ಎಸ್, ಪಿಪಿಎಲ್ ಇಂಥ ಪರವಾನಗಿ ಕೊಡುವ ಸಂಸ್ಥೆಗಳು.

ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಸ್ವಂತ ಸ್ಟುಡಿಯೋ ತೆರೆಯಬೇಕೆಂದಿದ್ದೇನೆ.

ಮೊದಲು ಗೋಡೆ ನೋಡಿ. ಹಳೆಯ ಕಟ್ಟಡಗಳ ಜಂಬಿಟ್ಟಿಗೆ ಗೋಡೆ ಬೋಲ್ಟನ್ನು ಗಟ್ಟಿಯಾಗಿ ಹಿಡಿಯದೆ ಪುಡಿಯಾಗಬಹುದು, ಹತ್ತು ಮಂದಿ ಎಳೆದರೆ ಕಂಬಿ ಕೈಗೇ ಬಂದೀತು. ಅಂಥಲ್ಲಿ ನೆಲಕ್ಕೆ ಬಿಗಿದ ಕಬ್ಬಿಣದ ಕಾಲುಗಳ ಮೇಲೆ ಕಂಬಿ ಕೂರಿಸಿ. ನೆಲದಿಂದ ಸುಮಾರು 105 ಸೆಂಟಿಮೀಟರ್‌ಗೆ ಒಂದು, 80ಕ್ಕೆ ಇನ್ನೊಂದು ಇದ್ದರೆ ಕುಳ್ಳಗಿರುವವರಿಗೂ ಅನುಕೂಲ. ಕೈ ಸುತ್ತಿ ಹಿಡಿಯುವಷ್ಟು, 4ರಿಂದ 5 ಸೆಂಟಿಮೀಟರ್ ದಪ್ಪ ಸಾಕು. ಒಣಗಿದ ತೇಗ ಮಳೆಗಾಲವನ್ನು ತಡೆದುಕೊಳ್ಳುತ್ತದೆ, ಅಗ್ಗದ ಹಸಿ ಮರ ಜುಲೈಯಲ್ಲಿ ಉಬ್ಬಿ ಫೆಬ್ರವರಿಯಲ್ಲಿ ಬಿರುಕು ಬಿಡುತ್ತದೆ. ಮ್ಯಾಟ್‌ಗಳನ್ನು ಸುರುಳಿ ಸುತ್ತಿ ಇಟ್ಟರೆ ಬೂಷ್ಟು ಗ್ಯಾರಂಟಿ. ಒರೆಸಿ, ಫ್ಯಾನ್ ಕೆಳಗೆ ತೂಗುಹಾಕಿ. ಸ್ಥಳೀಯ ಸಂಸ್ಥೆಯಿಂದ ವ್ಯಾಪಾರ ಪರವಾನಗಿ ಪಡೆಯಿರಿ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ಸಣ್ಣ ಊರಿನಲ್ಲಿ ಆ ಚಿಂತೆ ಬೇಗ ಬರಲಿಕ್ಕಿಲ್ಲ.

ತರಗತಿಯಲ್ಲಿ ಯಾರಾದರೂ ತಲೆಸುತ್ತಿ ಬಿದ್ದರೆ?

ಹಾಡು ನಿಲ್ಲಿಸಿ. ಅಂಗಾತ ಮಲಗಿಸಿ, ಕಾಲುಗಳನ್ನು ಎತ್ತರಕ್ಕಿಡಿ, ಗಾಳಿ ಬಿಡಿ. ಪೂರ್ತಿ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬೇಡಿ. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ. ಉಸಿರಾಟ ನಿಂತಿದ್ದರೆ ಸಿಪಿಆರ್ ಶುರುಮಾಡಿ. ಉಳಿದ ಒಂಬತ್ತು ಮಂದಿಯಲ್ಲಿ ಒಬ್ಬರನ್ನು ಹೆಸರು ಹಿಡಿದು ಕರೆದು ಕೆಳಗೆ ರಸ್ತೆಗೆ ಕಳಿಸಿ, ಆಂಬುಲೆನ್ಸ್‌ನವರಿಗೆ ಮೆಟ್ಟಿಲು ಯಾವುದೆಂದು ತಿಳಿದಿರುವುದಿಲ್ಲ.

ಕೊನೆಗೆ, ಕಲಿಯಲು ಬರುವವರದೇ ಒಂದು ಪ್ರಶ್ನೆ: ತರಗತಿಗೆ ತಡವಾದರೆ ಸೇರಿಸಿಕೊಳ್ಳುತ್ತೀರಾ?

ಹತ್ತು ನಿಮಿಷದವರೆಗೆ ಸೇರಿಸಿಕೊಳ್ಳುತ್ತೇವೆ, ಆದರೆ ಹಿಂದಿನ ಸಾಲಿನಲ್ಲಿ ನಿಂತು ಮೊದಲು ಮೈ ಬಿಸಿಮಾಡಿಕೊಳ್ಳಬೇಕು. ಅದಕ್ಕೂ ತಡವಾದರೆ ಬೆಂಚಿನ ಮೇಲೆ ಕುಳಿತು ನೋಡಬಹುದು. ಗಾಡಿಯನ್ನು ಪಕ್ಕದ ಔಷಧಿ ಅಂಗಡಿಯ ಮುಂದೆ ನಿಲ್ಲಿಸಬೇಡಿ, ಅವರು ಈಗಾಗಲೇ ಸಾಕಷ್ಟು ಸಹಿಸಿಕೊಂಡಿದ್ದಾರೆ.